28 ಡಿಗ್ರಿ ಅಂತ ನಂಬಿ ಬರಬೇಡಿ

ಘಟ್ಟದ ಕೆಳಗಿಂದ, 6ನೇ ಕಂತು (ಉದ್ದ ಇದೆ, ಮೂರು ಪೋಸ್ಟ್)

(1)
ಕ್ಲಾಸ್ ಗ್ರೂಪಲ್ಲಿ ಮತ್ತೆ ಶುರುವಾಗಿದೆ. "ಜುಲೈಯಲ್ಲಿ ಇಂಟರ್ನಲ್ಸ್ ಮುಗಿದ ಕೂಡ್ಲೇ ಗೋಕರ್ಣ, ಪಕ್ಕಾ?" ಕೆಳಗೆ ಒಂದು ಪ್ಯಾಕಿಂಗ್ ರೀಲ್. ಹುಲ್ಲಿನ ಟೋಪಿ, ಕೂಲಿಂಗ್ ಗ್ಲಾಸ್, ಬಿಳಿ ಲಿನನ್ ಶರ್ಟು, ಕ್ಯಾನ್ವಾಸ್ ಶೂ. ಅದಕ್ಕೆ ನಿಮ್ಮದೇ ಹನ್ನೊಂದು ಹಾರ್ಟು. ಮಾರಾಯ್ರೆ, ಆ ರೀಲಿನ ಕಡಲು ಯಾವ ದೇಶದ್ದೋ ನಂಗೆ ಗೊತ್ತಿಲ್ಲ. ಕುಮಟೆಯವಳಾಗಿ ಇಷ್ಟು ಹೇಳಬಲ್ಲೆ, ನಮ್ಮದಂತೂ ಅಲ್ಲ.

"ಆಪಲ್ಲಿ ನೋಡಿದ್ವಿ, 28 ಡಿಗ್ರಿ, ಸೂಪರ್ ಕ್ಲೈಮೇಟ್" ಅಂತೀರಿ. ಆಪ್ ಸುಳ್ಳು ಹೇಳಿಲ್ಲ, ನೀವು ಓದಿದ ಸಾಲು ತಪ್ಪು. ಕರಾವಳಿಯಲ್ಲಿ ಡಿಗ್ರಿ ನೋಡಿ ಕಾಲ ತಿಳಿಯೋದಿಲ್ಲ. ಜುಲೈ ಮಧ್ಯಾಹ್ನ 28–29 ಇದ್ದರೆ ಡಿಸೆಂಬರ್ ಮಧ್ಯಾಹ್ನ 32–33. ಹೌದು, ಸರಿಯಾಗೇ ಓದಿದ್ರಿ. ಜುಲೈಯಲ್ಲಿ ಮೋಡ ಬಿಸಿಲನ್ನೇ ಬಿಡೋದಿಲ್ಲ, ಅದಕ್ಕೇ ಆ "ಸೂಪರ್" ನಂಬರು. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ನಮಗೆ ಜುಲೈ ಒಂದರಲ್ಲೇ ಹೆಚ್ಚುಕಡಿಮೆ ಅಷ್ಟು ಸುರಿತದೆ.

ಏಪ್ರಿಲ್, ಮೇಯಲ್ಲೂ ಇದೇ ಮೋಸ. "ಕಲಬುರಗಿ 42, ನಿಮ್ಮೂರು ಬರೀ 33, ಲಕ್ಕಿ ನೀವು" ಅಂತ ಒಬ್ಬ ಸ್ಟೋರಿಗೆ ರಿಪ್ಲೈ ಹಾಕಿದ್ದ. ಗಾಳಿಯಲ್ಲಿ ಅಷ್ಟು ತೇವ ಇದ್ದಾಗ ಬೆವರು ಆರೋದಿಲ್ಲ, ಮೈ ತಣಿಯೋದಿಲ್ಲ. ಜೀನ್ಸ್ ಹಾಕ್ಕೊಂಡು ಮಧ್ಯಾಹ್ನ ಎರಡಕ್ಕೆ ಕುಮಟೆ ಬಸ್‌ಸ್ಟ್ಯಾಂಡಲ್ಲಿ ಹತ್ತು ನಿಮಿಷ ನಿಂತು ನೋಡಲಿ, ಆಮೇಲೆ ಲಕ್ಕು ಮಾತಾಡೋಣ.

(2)
ಹೋದ ಜುಲೈಯಲ್ಲಿ ನಮ್ಮನೆಗೆ ಏಳು ಜನ ಬಂದ್ರಲ್ಲ (ಹೆಸರು ಹೇಳೋದಿಲ್ಲ, ಹೆದರಬೇಡಿ). ಏಳು ಕೂಲಿಂಗ್ ಗ್ಲಾಸ್, ಸೊನ್ನೆ ಕೊಡೆ. ಮೊದಲ ದಿನವೇ ಎಲ್ಲರ ಜೀನ್ಸೂ ನೆನೆದು, ಮೂರು ದಿನ ಆದರೂ ಒಣಗಲಿಲ್ಲ. ಕೊನೆಗೆ ಆಯಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹಾಕಿದಳು. ಬೆಂಗಳೂರು ಮುಟ್ಟೋವರೆಗೂ ಹೊಗೆ ವಾಸನೆ ಅಂತ ನಗಾಡಿದ್ರಿ.

ನಗು ಅಲ್ಲಿಗೇ ನಿಂತಿದ್ರೆ ನಾನು ಇದನ್ನ ಬರೀತಿರಲಿಲ್ಲ. ಅದೇ ಸಂಜೆ ಇಬ್ಬರು ಮೊಣಕಾಲುದ್ದ ನೀರಿಗಿಳಿದು ವಿಡಿಯೋ ಮಾಡಿಸ್ಕೊಂಡ್ರು. ನಾನು ದಡದಲ್ಲಿ ಕೂಗಿದ್ದು ಆ ವಿಡಿಯೋದಲ್ಲಿ ಕೇಳ್ತದೆ. ಮ್ಯೂಸಿಕ್ ಹಾಕಿ ಮುಚ್ಚಿದ್ರು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕುವ ಕಾಲ ಅನ್ನೋದು ಒಂದು ಕಾರಣ, ಕಡಲಿನ ಅಬ್ಬರ ಇನ್ನೊಂದು. ಹುಟ್ಟಿದಾಗಿಂದ ನೀರಲ್ಲೇ ಬೆಳೆದವರು ದೋಣಿ ಎಳೆದು ದಡಕ್ಕೆ ಹಾಕಿರುವಾಗ, ಈಜುಕೊಳದಲ್ಲಿ ಎರಡು ಸಲ ಮುಳುಗೆದ್ದ ನೀವು ಇಳಿಯೋದು ಧೈರ್ಯ ಅಲ್ಲ. ಅದಕ್ಕೆ ಬೇರೆ ಹೆಸರಿದೆ, ಆಯಿ ಫಾಲೋ ಮಾಡ್ತಾಳೆ ಅಂತ ಬರೀತಿಲ್ಲ.

ಮಳೆಗಾಲಕ್ಕೆ ಬರೋದಾದ್ರೆ ಬ್ಯಾಗಿಗೆ ಉದ್ದ ಕೊಡೆ ಹಾಕಿ. ಮಡಚೋ ಕೊಡೆ ಕಡಲಗಾಳಿಗೆ ಮೊದಲ ಬೀಸಿಗೇ ತಿರುಗಿ ಬಟ್ಟಲಾಗ್ತದೆ. ಬೇಗ ಒಣಗುವ ತೆಳು ಪ್ಯಾಂಟು, ಒಂದು ಜೊತೆ ಬಟ್ಟೆ ಹೆಚ್ಚಿಗೆ, ತೆಳ್ಳನೆ ಬೈರಾಸು, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್, ಫೋನು ಹಾಕಲು ಗಟ್ಟಿ ಪ್ಲಾಸ್ಟಿಕ್ ಚೀಲ. ಶೂ ಮನೇಲೇ ಇರಲಿ.

(3)
"ಹಾಗಾದ್ರೆ ಡಿಸೆಂಬರಲ್ಲಿ ಬರ್ತೀವಿ." ಬನ್ನಿ, ಒಳ್ಳೇ ಕಾಲ. ಆದರೆ ಆ ದಪ್ಪ ಹೂಡಿ ಯಾಕೆ? ಚಳಿ ಇರೋದು ಘಟ್ಟ ಇಳಿಯುವ ರಾತ್ರಿ ಬಸ್ಸಿನಲ್ಲಿ, ಅದಕ್ಕೆ ಒಂದು ಶಾಲು ಸಾಕು. ಕೆಳಗಿಳಿದ ಮೇಲೆ ಬೇಕಾಗೋದು ಕಾಟನ್ ಅಂಗಿ, ನೀರಿನ ಬಾಟ್ಲಿ, ಟೋಪಿ. ನಿಮ್ಮ ಹುಲ್ಲಿನ ಟೋಪಿಗೆ ಈಗ ಕೆಲಸ ಸಿಕ್ತು ನೋಡಿ.

ಕಡಲು ಆಗ ಸಣ್ಣ ಮಗುವಿನ ಹಾಗೆ ಕಾಣ್ತದೆ. 2024ರ ಡಿಸೆಂಬರಲ್ಲೂ ಹಾಗೇ ಕಂಡಿರಬೇಕು. ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಹೋದ್ರು. ನಮಗಿಂತ ಚಿಕ್ಕವರು. ಯಾವ ಪ್ಯಾಕಿಂಗ್ ರೀಲೂ ಇದನ್ನ ಹೇಳೋದಿಲ್ಲ, ಅದಕ್ಕೇ ನನಗೆ ಅವುಗಳ ಮೇಲೆ ಸಿಟ್ಟು.

ಇಷ್ಟಾದರೂ ನೆನಪಿಡಿ: ಅಕ್ಕಪಕ್ಕ ಅಲೆ ಒಡೀತಾ ಇದ್ದು, ನಡುವೆ ಒಂದು ಕಡೆ ನೀರು ಸಪಾಟಾಗಿ ಕಂಡರೆ ಅದು ಸುರಕ್ಷಿತ ಜಾಗ ಅಂತ ಇಳಿಯಬೇಡಿ. ದಡಕ್ಕೆ ಬಂದ ನೀರು ವಾಪಸ್ ಒಳಗೆ ಹರಿಯುವ ದಾರಿ ಅದಾಗಿರಬಹುದು. ಸೆಳೆತಕ್ಕೆ ಸಿಕ್ಕಿದರೆ ನೇರ ದಡಕ್ಕೆ ಈಜಿ ಸುಸ್ತಾಗಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಎಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ. ಆಗದಿದ್ರೆ ತೇಲಿಕೊಂಡು ಕೈ ಎತ್ತಿ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ವಾದ ಮಾಡಬೇಡಿ.

ಜುಲೈ ಬುಕಿಂಗ್ ಆಗೇ ಹೋಗಿದೆ ಅನ್ನೋರು ಬನ್ನಿ, ಜಗಲಿ ಮೇಲೆ ಕೂತು ಮಳೆ ನೋಡೋಣ, ಆಯಿ ಹಲಸಿನ ಹಪ್ಪಳ ಸುಟ್ಟು ಕೊಡ್ತಾಳೆ. ಎಷ್ಟು ಜನ ಅಂತ ಕಮೆಂಟಲ್ಲಿ ಹೇಳಿ. ಕೊಡೆ ನಮ್ಮನೇಲಿ ಮೂರೇ ಇರೋದು.