ಬೀಗ ಹಾಕದ ವಿದ್ವತ್ತು

ಲಿಪಿಯೊಂದು ಹೇಗೆ ಕೈತಪ್ಪಿ ಹೋಗುತ್ತದೆಂಬುದನ್ನು ತಿಳಿಯಲು ಉಲ್ಹಾಸನಗರದ ಕನ್ನಡಿಗನು ದೂರ ಹೋಗಬೇಕಾಗಿಲ್ಲ. ದೇಶವಿಭಜನೆಯ ತರುವಾಯ ನಿರಾಶ್ರಿತರ ಶಿಬಿರವಾಗಿ ಬೆಳೆದು, 1949ರಲ್ಲಿ ಈ ಹೆಸರು ಪಡೆದ ನಮ್ಮೂರಿನ ಎಷ್ಟೋ ಸಿಂಧಿ ಮನೆಗಳಲ್ಲಿ, ಅಜ್ಜ ಅರಬ್ಬೀ ಮೂಲದ ಲಿಪಿಯಲ್ಲಿ ಓದಿದ ಪುಸ್ತಕವು ಮೊಮ್ಮಗನಿಗೆ ಬರಿಯ ಗೆರೆಗಳ ಕಟ್ಟು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದುವ ನಮ್ಮ ಮಕ್ಕಳ ಸ್ಥಿತಿಯೂ ಬಹಳ ಭಿನ್ನವಲ್ಲ. ಆದುದರಿಂದ ಗಣಕದಲ್ಲಿ ಕನ್ನಡವೆಂಬುದು ಹೊರನಾಡಿಗರಾದ ನಮಗೆ ಕೇವಲ ಯಂತ್ರವಿದ್ಯೆಯ ಸಂಗತಿಯಲ್ಲ.

ಮುಂಬಯಿ ಕನ್ನಡಿಗರು ತಮ್ಮ ಸಾಹಿತಿಗಳನ್ನೂ ಯಕ್ಷಗಾನ ಕಲಾವಿದರನ್ನೂ ಸ್ಮರಿಸುವಷ್ಟು ಕೆ. ಪಿ. ರಾವ್ ಅವರನ್ನು ಸ್ಮರಿಸುವುದಿಲ್ಲವೆಂಬುದು ನನ್ನ ಭಾವನೆ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಅಧ್ಯಯನಕ್ಕೆ, 1977ರಲ್ಲಿ ಗ್ರಂಥವಾಗಿ ಹೊರಬಂದ ಆ ಮಹತ್ಕಾರ್ಯಕ್ಕೆ, ನೆರವಾದವರು. ಯಾರಿಗೂ ಓದಲು ಬಾರದ ಲಿಪಿಯೊಡನೆ ಹೆಣಗಿದವರೇ ಮುಂದೆ ಕನ್ನಡಕ್ಕೊಂದು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು.

ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಒಂದೊಂದಾಗಿ ಜೋಡಿಸಬೇಕಿತ್ತು. ರಾಯರು ಆ ಹಾದಿಯನ್ನು ಬಿಟ್ಟು ವರ್ಣಮಾಲೆಯ ತರ್ಕವನ್ನೇ ಹಿಡಿದರು. ‘ಕೆ’ ಕೀಲಿಯನ್ನು ಒತ್ತಿದರೆ ಕ, ಶಿಫ್ಟ್ ಜತೆಗೆ ಒತ್ತಿದರೆ ಖ. ‘ಎಫ್’ ಒತ್ತಿದರೆ ಮುಂದಿನ ವ್ಯಂಜನವು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ. ಕಾಗುಣಿತ ಬಲ್ಲವರಿಗೆ ಇದು ಕಷ್ಟದ ವಿದ್ಯೆಯೇ ಅಲ್ಲ. ಛಂದಸ್ಸು, ಭಾಷಾಶಾಸ್ತ್ರಗಳ ಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನೇ ತಮ್ಮ ತಂತ್ರಾಂಶಕ್ಕಿಟ್ಟು ಉಚಿತವಾಗಿ ಹಂಚಿದರು. (ಯಂತ್ರಕ್ಕೆ ವೈಯಾಕರಣಿಯ ಹೆಸರು! ಇಂಥ ಗೌರವ ಬೇರೆಲ್ಲಿ ಸಂದಿದೆ?) ಕರ್ನಾಟಕ ಸರಕಾರವು ಮುಂದೆ ಈ ವಿನ್ಯಾಸವನ್ನೇ ಅಂಗೀಕರಿಸಿತು, ‘ನುಡಿ’ಯಲ್ಲಿ ಬರೆಯುವವರು ಬಳಸುವುದು ಇದನ್ನೇ.

ಉಚಿತವಾದುದೆಲ್ಲ ಮುಕ್ತವಲ್ಲವೆಂಬುದನ್ನೂ ಹೇಳಬೇಕು. ಬೆಲೆಯಿಲ್ಲದೆ ಕೊಟ್ಟರೂ ಒಳಗನ್ನು ಮುಚ್ಚಿಟ್ಟರೆ ಇನ್ನೊಬ್ಬರು ಅದನ್ನು ತಿದ್ದಿ ಬೆಳೆಸಲಾರರು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಂಟಿಯಾಗಿ ಶ್ರಮಿಸಿ ಕಟ್ಟಿದ 1,50,000ಕ್ಕೂ ಮಿಕ್ಕಿದ ಪದಗಳ ಕನ್ನಡ–ಇಂಗ್ಲಿಷ್ ಕೋಶವು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರ ಕೈಸೇರಿತು. ಅದನ್ನು ಗಣಕಕ್ಕೆ ತಂದ ಕೈಲಾಶ್ ನಾಧ್, ಕೃತಕ ಬುದ್ಧಿಮತ್ತೆಯಲ್ಲಿ ಡಾಕ್ಟರೇಟ್ ಪಡೆದ ತಂತ್ರಾಂಶ ಶಿಲ್ಪಿ, ಕನ್ನಡಿಗರೂ ಅಲ್ಲ. ಕೋಶದ ದತ್ತಾಂಶವೆಲ್ಲ ಮುಕ್ತ ಪರವಾನಗಿಯಲ್ಲಿದೆ. ಯಾವ ವಿದ್ಯಾರ್ಥಿಯೂ ಅದರ ಮೇಲೆ ಹೊಸದನ್ನು ಕಟ್ಟಬಹುದು.

ಇದಕ್ಕೆ ಪ್ರತಿಯಾಗಿ ನಮ್ಮಂಥ ಸಂಘಗಳ ಪತ್ರಿಕೆಗಳನ್ನು ನೋಡಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಅಕ್ಷರ ಜೋಡಣೆಯ ಖಾಸಗಿ ತಂತ್ರಾಂಶಗಳು ಬಹುಕಾಲ ತಂತಮ್ಮ ಸಂಕೇತಗಳನ್ನೇ ಬಳಸಿದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಹಳೆಯ ಕಡತವನ್ನು ತೆರೆದರೆ ಕಾಣುವುದು ರೋಮನ್ ಚಿಹ್ನೆಗಳ ರಾಶಿ. ಹೊರನಾಡ ಕನ್ನಡಿಗರ ಅಷ್ಟು ವರ್ಷಗಳ ಬರವಣಿಗೆ ಇಂದು ಹುಡುಕಿದರೆ ಸಿಗದ ಸ್ಥಿತಿಯಲ್ಲಿದೆ.

ಥಾಣೆ, ಡೊಂಬಿವಲಿ, ನವಿ ಮುಂಬಯಿಗಳ ಕಾಲೇಜುಗಳಲ್ಲಿ ಗಣಕಶಾಸ್ತ್ರ ಓದುವ ನಮ್ಮ ಮಕ್ಕಳಿಗೆ ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಬೇಕೇ ಬೇಕು. ಅಂಕಪಟ್ಟಿ ನೋಡಿ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದನ್ನಾದರೂ ಸಂಘಗಳು ಈ ಕೆಲಸಕ್ಕೆ ಮೀಸಲಿಡಲಿ. ಮೂಲ ಸಂಕೇತವನ್ನು ಮುಕ್ತವಾಗಿ ಪ್ರಕಟಿಸಬೇಕೆಂಬುದೊಂದೇ ಷರತ್ತಾಗಿರಲಿ. ಕಪಾಟಿನಲ್ಲಿರುವ ಹಳೆಯ ಸಂಚಿಕೆಗಳನ್ನೂ ಕಡತಗಳನ್ನೂ ಮೊದಲ ಕೆಲಸವಾಗಿ ಅವರಿಗೊಪ್ಪಿಸಬಹುದು.