ನಮ್ಮ ಆಟಕ್ಕೆ ನೆಪ ಯಾಕ್ರೀ ಬೇಕು?

ಮಧ್ಯಾಹ್ನದ ಹೊತ್ತು ಹೆಂಗಸರು ಫೋನಿನಾಗೆ ಚಿತ್ರ ಜೋಡ್ಸೋ ಆಟ ಆಡಿದ್ರೆ ಅದು ದಂಡ, ಟೈಂ ವೇಸ್ಟು ಅಂತ ಹೇಳೋರ ಜೊತೆ ಇವತ್ತು ನಂದು ಜಗಳ. ಬೇಜಾರು ಮಾಡ್ಕಳ್ಳೋರು ಮಾಡ್ಕಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಾ ಕಡೆನೂ ನಮ್ಮ ಅಕ್ಕತಂಗೇರು, ಅತ್ತಿಗೆ ನಾದಿನೇರು ಇದ್ದೀರಿ. ಎಲ್ಲರ ಮನ್ಯಾಗೂ ಈ ಮಾತು ಒಂದಲ್ಲ ಒಂದು ದಿನ ಬಂದೈತೆ. ಫೋನ್ ಮಾಡಿದಾಗ ನೀವೇ ಹೇಳಿದ್ದೀರಿ.

ಗೊತ್ತಿಲ್ಲದೋರಿಗೆ ಮೊದಲು ಎರಡು ಮಾತು ಹೇಳ್ತೀನಿ. ಇದಕ್ಕೆ ಜಿಗ್‌ಸಾ ಪಜಲ್ ಅಂತಾರೆ. ಒಂದು ಫೋಟೋನ 50 ಚೂರೋ 100 ಚೂರೋ ಮಾಡಿ, ಕಲಸಿ, ಪರದೆ ಮೇಲೆ ಹರವಿರ್ತದೆ. ಒಂದೊಂದೇ ಚೂರನ್ನ ಬೆರಳಿಂದ ಎಳ್ಕಂಡು ಹೋಗಿ ಅದರ ಜಾಗಕ್ಕೆ ಕೂರಿಸಬೇಕು. ಸರಿಯಾಗಿ ಕೂತ್ರೆ ಎರಡು ಚೂರು ಒಂದಕ್ಕೊಂದು ಕಚ್ಕಂತಾವೆ. ಎಲ್ಲಾ ಕೂತ್ರೆ ಚಿತ್ರ ಬಂತು, ಆಟ ಮುಗೀತು. ಗೆದ್ದೋರು, ಸೋತೋರು ಅಂತಿಲ್ಲ. ನಮ್ಮ ಹತ್ರ ಇರೋ ಫೋಟೋ ಹಾಕಿ ನಾವೇ ಹೊಸ ಪಜಲ್ ಮಾಡಬಹುದು. ಲಿಂಕ್ ಕಳಿಸಿದ್ರೆ ನಮ್ಮೋರೂ ಅದನ್ನ ಆಡಬಹುದು.

ಇಷ್ಟಕ್ಕೆ ಜನ ಏನೇನು ಅಂತಾರೆ, ಒಂದೊಂದಾಗಿ ನೋಡಾನ.

ಮೊದಲ್ನೇ ಮಾತು: "ಮೊಮ್ಮಕ್ಕಳು ಆಡೋ ಆಟನ ಅಜ್ಜಿ ಆಡ್ತಾಳಲ್ಲ!" ಹೌದ್ರಿ, ಇದು ಹುಟ್ಟಿದ್ದು ಮಕ್ಕಳಿಗೇ. 1760ರ ದಶಕದಾಗೆ ಲಂಡನ್ನಿನಾಗೆ ಜಾನ್ ಸ್ಪಿಲ್ಸ್‌ಬರಿ ಅಂತ ಒಬ್ಬ ನಕ್ಷೆ ಕೆತ್ತೋನು ಇದ್ದ. ಅವನು ಭೂಪಟನ ಮರದ ಹಲಗೆಗೆ ಅಂಟಿಸಿ, ದೇಶದೇಶದ ಗಡಿಗೆ ಸರಿಯಾಗಿ ಕೊಯ್ದು ಮಾರಿದ. ಮಕ್ಕಳು ಜೋಡಿಸ್ತಾ ಭೂಗೋಳ ಕಲೀಲಿ ಅಂತ. ಜಿಗ್‌ಸಾ ಅಂದ್ರೆ ಸಣ್ಣ ಅಲಗಿನ ಒಂದು ಗರಗಸ, ಆ ಹೆಸರು ಆಟಕ್ಕೆ ಬಂದಿದ್ದು ಎಷ್ಟೋ ವರ್ಷ ಆದಮೇಲೆ. ಆದ್ರೆ ಆಟ ಮಕ್ಕಳ ಕೈಯಾಗೇ ಉಳೀಲಿಲ್ಲ. 1930ರ ದಶಕದ ಮೊದಲಿಗೆ ಅಮೆರಿಕದಾಗೆ ವ್ಯಾಪಾರ ಬಿದ್ದುಹೋಗಿ, ಲಕ್ಷಾಂತರ ಜನ ಕೆಲಸ ಕಳ್ಕಂಡು ಮನ್ಯಾಗೆ ಕುಂತ್ರಲ್ಲ, ಆವಾಗ ರಟ್ಟಿನಾಗೆ ಮಾಡಿದ ಅಗ್ಗದ ಪಜಲ್ ವಾರವಾರ ಹೊಸದು ಬರ್ತಿದ್ವು. ಔಷಧಿ ಅಂಗಡಿ, ಲೈಬ್ರರಿಗಳು ಬಾಡಿಗೆಗೂ ಕೊಡ್ತಿದ್ವು. ಆಡಿದ್ದು ದೊಡ್ಡೋರು, ಗಂಡಸರೂ ಸೇರಿ. ಹಂಗಾಗಿ "ಮಕ್ಕಳಾಟ" ಅನ್ನೋ ಮಾತಿಗೆ ನಾನು ಬೆಲೆ ಕೊಡಲ್ಲ.

ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆನೇ ಒಂದು ಪಜಲ್ ಅಲ್ವೇನ್ರಿ? 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆತು. ಆಗ ನಮ್ಮ ಚನ್ನಗಿರಿ ತಾಲ್ಲೂಕಿನ ಜೆ.ಎಚ್. ಪಟೇಲರೇ ಮುಖ್ಯಮಂತ್ರಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದ್ವು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದ್ವು. ಬಳ್ಳಾರಿಯಿಂದ ಹರಪನಹಳ್ಳಿ ಬಂತು, 2018ರಾಗೆ ತಿರುಗಿ ಬಳ್ಳಾರಿಗೇ ಹೋತು, ಈಗ ವಿಜಯನಗರ ಜಿಲ್ಲೆಯಾಗೈತೆ. ಹೊನ್ನಾಳಿ ಎರಡು ಚೂರಾಗಿ ನ್ಯಾಮತಿ ಬೇರೆ ತಾಲ್ಲೂಕಾತು. ಮೂರು ಜಿಲ್ಲೆ ಚೂರು ತಂದು ಒಂದು ಚಿತ್ರ ಮಾಡಿದ್ದು ದೊಡ್ಡೋರೇ. ಅದಕ್ಕೆ ರಾಜಕಾರಣ ಅಂತಾರೆ, ನಾವು ಜೋಡಿಸಿದ್ರೆ ಹುಡುಗಾಟ ಅಂತಾರೆ! ಜಿಲ್ಲೆ ನಕ್ಷೆದೊಂದು ಫೋಟೋ ತೆಗೆದು 60 ಚೂರು ಮಾಡಿ ಆಡಿ ನೋಡ್ರಿ. ಫೋನು ತಾಲ್ಲೂಕಿನ ಗಡಿಗೆ ಕೊಯ್ಯಲ್ಲ, ತನಗೆ ತಿಳಿದಂಗೆ ಕೊಯ್ತದೆ. ಆದ್ರೂ ಜಗಳೂರು ಒಂದು ತುದಿಗೆ, ನ್ಯಾಮತಿ ಇನ್ನೊಂದು ತುದಿಗೆ ಐತೆ ಅನ್ನೋದು ಬೆರಳಿಗೇ ಗೊತ್ತಾಗ್ತದೆ.

ಹಂಗಂತ "ಪಾಠ ಆಗ್ತದೆ, ಅದಕ್ಕೆ ಆಡ್ತೀನಿ" ಅಂತ ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಜಗಳ ಇರೋದೇ ಅಲ್ಲಿ.

ಎರಡನೇ ಮಾತು ಏನು? "ಅದರಿಂದ ಏನು ಉಪಯೋಗ?" ಇದನ್ನ ಕೇಳೋರು ಬೇರೆ ಯಾವುದಕ್ಕೂ ಹಿಂಗೆ ಕೇಳಿದ್ದು ನಾನು ಕಂಡಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತೀವಿ. ಹಬ್ಬ ಬಂದ್ರೆ 15 ಚುಕ್ಕಿಯಿಂದ 8 ಚುಕ್ಕಿಗೆ ಇಳಿಸಿ, ಒಂದು ಗೆರೆ ತಪ್ಪದಂಗೆ ಸುತ್ತಿಸಿ, ಸೊಂಟ ಹಿಡಿಯೋ ತನಕ ಬಗ್ಗಿ ಬಣ್ಣ ತುಂಬ್ತೀವಿ. ಹನ್ನೊಂದು ಗಂಟೆಗೆ ಅದರ ಮೇಲೆ ಬೈಕು ಹೋಗಿರ್ತದೆ. ಅದನ್ನ ಯಾರೂ ದಂಡ ಅನ್ನಲ್ಲ, ಯಾಕಂದ್ರೆ ಅದಕ್ಕೆ ಲಕ್ಷ್ಮಿ ಬರ್ತಾಳೆ ಅನ್ನೋ ನೆಪ ಐತೆ. ಹಳೇ ಸೀರೆ, ಲಂಗ, ಅಂಗಿ ಹರಿದು, ಚೂರು ಚೂರು ಸೇರಿಸಿ ಕೌದಿ ಹೊಲಿಯೋರು ನಮ್ಮ ಅಜ್ಜಿದೇರು. ಕೆಂಪು ಚೂರಿನ ಪಕ್ಕ ಹಸಿರು ಇಡಬೇಕಾ, ಹಳದಿ ಇಡಬೇಕಾ ಅಂತ ಅರ್ಧ ದಿನ ಯೋಚನೆ ಮಾಡೋರು. ಅದು ಪಜಲ್ ಅಲ್ದೆ ಇನ್ನೇನು? ಆದ್ರೆ ಕೌದಿಗೆ ಚಳಿ ನೆಪ ಇತ್ತು. ಶಿವರಾತ್ರಿ ರಾತ್ರಿ ಚೌಕಾಬಾರ ಆಡಿದ್ರೆ ಜಾಗರಣೆ ನೆಪ ಇತ್ತು.

ಹೆಂಗಸರು ಯಾವಾಗ್ಲೂ ಆಡಿದಾರೆ, ಆದ್ರೆ ಪ್ರತಿ ಸಲ ಒಂದು ನೆಪ ಹೊದ್ಕಂಡು ಆಡಿದಾರೆ. ಈ ಪಜಲ್‌ಗೆ ದೇವರ ನೆಪ ಇಲ್ಲ, ಚಳಿ ನೆಪ ಇಲ್ಲ, ಹಬ್ಬದ ನೆಪ ಇಲ್ಲ. ಬರೀ ಅವಳ ಸಂತೋಷಕ್ಕೆ ಅವಳು ಕುಂತಾಳೆ. ಅದಕ್ಕೇ ಅದು ನೋಡೋರ ಕಣ್ಣಿಗೆ ಚುಚ್ಚತೈತೆ. ಫೋನಿನ ಮೇಲೆ ಹಾಕೋ ತಪ್ಪು ಬರೀ ಮೇಲ್ಮಾತು. ಅದೇ ಫೋನಿನಾಗೆ ಮನೆ ಯಜಮಾನರು ಎರಡು ತಾಸು ಕ್ರಿಕೆಟ್ ನೋಡಿದ್ರೆ ಯಾರೂ ಕೇಳಲ್ಲ. ಅರಳಿಕಟ್ಟೆ ಮೇಲೆ ಸಂಜೆ ತನಕ ಇಸ್ಪೀಟು ಆಡಿದ್ರೆ "ಏನೋ ಹೊತ್ತು ಹೋಗ್ಲಿ ಅಂತ" ಅಂತಾರೆ. ಗಂಡಸರಿಗೆ ಹೊತ್ತು ಹೋದ್ರೆ ಸಾಕು, ಹೆಂಗಸರ ಹೊತ್ತಿಗೆ ಮಾತ್ರ ಲೆಕ್ಕ ಕೊಡಬೇಕು.

ಲೆಕ್ಕನೇ ಬೇಕಂದ್ರೆ ಲೆಕ್ಕ ತಗಳ್ರಿ. ಯಾರು ಯಾವ ಕೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅಂತ ಕೇಂದ್ರ ಸರ್ಕಾರದೋರು 2024ರಾಗೆ ದೇಶದ ತುಂಬ ಸರ್ವೆ ಮಾಡಿದ್ರು. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಹಾಕ್ತಾರಂತೆ. ಅದೇ ಕೆಲಸಕ್ಕೆ ಕೈ ಹಾಕೋ ಗಂಡಸರು 88 ನಿಮಿಷ. ಅಂದ್ರೆ ನಾವು ಐದು ತಾಸಿಗೆ ಹತ್ತಿರ, ಅವರು ಒಂದೂವರೆ ತಾಸು. ನಡುವೆ 201 ನಿಮಿಷ ವ್ಯತ್ಯಾಸ ಐತೆ. ಅದರಾಗೆ ಒಂದು 40 ನಿಮಿಷ ನಾನು ಚಿತ್ರ ಜೋಡಿಸಿದ್ರೆ ಯಾರ ಗಂಟು ಹೋತು? ಒಲೆ ಮೇಲೆ ಹಾಲಿಟ್ಟು ಆಡಾಕೆ ಕುಂದ್ರಿ ಅಂತ ನಾನು ಯಾರಿಗೂ ಹೇಳಲ್ಲ. ಕೆಲಸ ಮುಗಿಸಿ ಕುಂತೋಳನ್ನ ಎಬ್ಬಿಸಬ್ಯಾಡ್ರಿ ಅಂತ ಹೇಳ್ತಿದೀನಿ.

ಮೂರನೇ ಮಾತು ನಮ್ಮ ಕಡೆಯೋರದ್ದೇ, ಅದಕ್ಕೆ ಅದರ ಮೇಲೆ ನನಗೆ ಇನ್ನೂ ಸಿಟ್ಟು. "ಅದು ಮೆದುಳಿಗೆ ಒಳ್ಳೇದು, ಮರೆವು ಬರಲ್ಲ, ಅದಕ್ಕೆ ಆಡ್ತೀನಿ" ಅಂತ ನಾವೇ ಹೇಳ್ತೀವಿ. ಒಳ್ಳೇದಾದ್ರೆ ಆಗ್ಲಿ, ಬೇಡ ಅನ್ನೋರು ಯಾರು? ಆದ್ರೆ ಮರೆವು ಬರಲ್ಲ ಅಂತ ಯಾವ ಡಾಕ್ಟರೂ ಬರೆದು ಕೊಡಲ್ಲ. ನಾಳೆ ಯಾರಾದ್ರೂ "ಅದರಿಂದ ಮೆದುಳಿಗೇನೂ ಆಗಲ್ವಂತೆ" ಅಂದ್ರೆ ಫೋನು ಕೆಳಗಿಡ್ತೀರಾ? ಇಸ್ಪೀಟು ಆಡೋರು ಹೃದಯಕ್ಕೆ ಒಳ್ಳೇದು ಅಂತ ಹೇಳಿ ಆಡ್ತಾರಾ? ಔಷಧಿ ಅಂತ ಹೇಳಿದ ತಕ್ಷಣ ಆಟ ಹೋತು, ಅದೂ ಒಂದು ಡ್ಯೂಟಿ ಆತು, ಬಿಪಿ ಮಾತ್ರೆ ಜೊತೆ ನುಂಗಬೇಕು. ನೆಪ ಕೊಟ್ಟು ಗೆದ್ರೆ ಗೆದ್ದಿದ್ದು ನೆಪ, ನಾವಲ್ಲ.

ನಾಲ್ಕನೇ ಮಾತಿನಾಗೆ ಮಾತ್ರ ತಿರುಳೈತೆ: "ಫೋನಿನ ಆಟದಾಗೆ ಮನೆ ಹಾಳಾಗ್ತಾವೆ." ಆಗ್ತಾವೆ. ದುಡ್ಡು ಕಟ್ಟಿಸ್ಕಂಡು ಆಡಿಸೋ ಆಟಗಳಾಗೆ ಸಾಲ ಮಾಡ್ಕಂಡೋರನ್ನ ನಾವೆಲ್ಲ ನೋಡಿದೀವಿ, ಕೇಳಿದೀವಿ. ಅದಕ್ಕೇ 2025ರ ಆಗಸ್ಟ್‌ನಾಗೆ ಪಾರ್ಲಿಮೆಂಟು ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧ ಮಾಡೋ ಕಾಯ್ದೆ ತಂತು. ಆದ್ರೆ ಚಿತ್ರ ಜೋಡ್ಸೋದು ಆ ಜಾತಿ ಆಟ ಅಲ್ಲ. ಇದರಾಗೆ ಪಣ ಇಲ್ಲ, ಸೋಲಿಲ್ಲ, "ಇನ್ನೊಂದು ಕೈ ಆಡಿ ವಾಪಸ್ ತಗಂತೀನಿ" ಅನ್ನೋ ಚಟ ಇಲ್ಲ. ನಡುವೆ ಬರೋ ಜಾಹೀರಾತು ಒತ್ತಬ್ಯಾಡ್ರಿ, ದುಡ್ಡು ಗೆಲ್ರಿ ಅಂತ ಬಂದಿದ್ದನ್ನಂತೂ ಮುಟ್ಟಲೇಬ್ಯಾಡ್ರಿ. ಬ್ಯಾಂಕಿನ ನಂಬರು, ಓಟಿಪಿ ಕೇಳಿದ್ರೆ ಅದು ಪಜಲ್ ಅಲ್ಲ ಅಂತ ತಿಳೀರಿ. ನಿಮ್ಮ ಫೋಟೋ ಹಾಕುವಾಗ ಅದು ಲೋಕಕ್ಕೆಲ್ಲ ಕಾಣ್ತದಾ, ಲಿಂಕ್ ಇದ್ದೋರಿಗೆ ಮಾತ್ರನಾ ಅಂತ ನೋಡ್ಕಳ್ರಿ. ಮಕ್ಕಳ ಮುಖ, ಮದುವೆ ಆಗಬೇಕಾದ ಹುಡುಗೀರ ಫೋಟೋ ಹಾಕಬ್ಯಾಡ್ರಿ. ಕತ್ತು ನೋವು ಬಂದ್ರೆ ಎದ್ದು ಓಡಾಡ್ರಿ. ಇಷ್ಟು ಎಚ್ಚರ ಇದ್ರೆ ಸಾಕು. ಕತ್ತಿಲಿ ಕೈ ಕೊಯ್ಕಂತಾರೆ ಅಂತ ಅಡಿಗೆಮನೇನೇ ಮುಚ್ಚಲ್ಲ ನಾವು.

ಹೊರಗಿನೋರ ಜೊತೆ ಜಗಳ ಮುಗೀತು. ಈಗ ನಮ್ಮೋರ ಜೊತೆ ಒಂದು. ಆಟ ನಮ್ದು ಅಂತ ಇಷ್ಟು ಜಗಳ ಆಡ್ತೀವಲ್ಲ, ಹಂಗಾದ್ರೆ ಚಿತ್ರ ಯಾಕೆ ಕಂಡೋರ್ದು? ರೆಡಿ ಇರೋ ಪಜಲ್ ತೆಗೆದ್ರೆ ಬರೀ ಹಿಮದ ಬೆಟ್ಟ, ಹೊಗೆ ಬಿಡೋ ಹಂಚಿನ ಮನೆ, ಬುಟ್ಟಿ ಒಳಗೆ ಬೆಕ್ಕಿನ ಮರಿ. ಚಂದನೇ ಐತೆ, ಇಲ್ಲ ಅನ್ನಲ್ಲ. ಆದ್ರೆ ಮಾಡೋದ್ರಾಗೆ ಇರೋ ಅರ್ಧ ಸಂತೋಷ ನೀವು ಬಿಟ್ಟುಕೊಡ್ತಿದೀರಿ. ಯಾವ ಚಿತ್ರ ಆಟಕ್ಕೆ ಬರ್ತದೆ ಅಂತ ಆರಿಸಾಕೆ ಕುಂತ್ರೆ ನೂರು ಸಲ ನೋಡಿದ ಜಾಗನ ಮೊದಲ್ನೇ ಸಲ ನೋಡ್ದಂಗೆ ನೋಡ್ತೀರಿ.

ಸೂಳೆಕೆರೆ ಫೋಟೋ ನಮ್ಮೆಲ್ಲರ ಫೋನಿನಾಗೂ ಐತೆ. ಅದನ್ನ ಹಂಗೇ 100 ಚೂರು ಮಾಡಿದ್ರೆ 80 ಚೂರು ಬರೀ ನೀರು, ಆಕಾಶ. ಆಡೋರು ಶಾಪ ಹಾಕ್ತಾರೆ. ಗುಡ್ಡ, ಏರಿ, ದಡದ ಗಿಡ, ಜನ ಎಲ್ಲಾ ಬರಂಗೆ ತೆಗೀಬೇಕು. ಅಡಿಕೆ ಬೇಯಿಸಿ ಅಂಗಳದಾಗೆ ಹರವಿದ್ದೂ ಹಂಗೇ, ಒಂದೇ ಕೆಂಪು. ನಡುವೆ ಒಂದು ಮೊರ, ಒಂದು ಬುಟ್ಟಿ, ಹರವೋರ ಕೈ ಬಂದ್ರೆ ಚಿತ್ರಕ್ಕೆ ಜೀವ ಬರ್ತದೆ. ಸಂತೇಬೆನ್ನೂರು ಪುಷ್ಕರಣಿ ಅಂತೂ ಈ ಆಟಕ್ಕೇ ಕಟ್ಟಿಸಿದಂಗೈತೆ: ನಾಕೂ ಕಡೆ ಮೆಟ್ಟಿಲು, ನಡುವೆ ವಸಂತ ಮಂಟಪ, ನೀರಿನಾಗೆ ಅದರ ನೆರಳು. ಮೇಲಿನ ಮಂಟಪದ ಚೂರು ಯಾವುದು, ನೆರಳಿನ ಚೂರು ಯಾವುದು ಅಂತ ತಲೆ ಕೆಟ್ಟು ಹೋಗ್ತದೆ. ಆವಾಗ ಗೊತ್ತಾಗ್ತದೆ, ನೆರಳು ಸ್ವಲ್ಪ ನಡುಗಿರ್ತದೆ, ಕಲ್ಲು ನಡುಗಲ್ಲ. ಎಷ್ಟು ಸಲ ಅಲ್ಲಿಗೆ ಹೋಗಿದೀವಿ, ಇದನ್ನ ಯಾರು ನೋಡಿದೀವಿ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರು ಹುಟ್ಟಿದ ಊರು. ಫೆಬ್ರವರಿ ಜಯಂತಿಗೆ ಬರೋ ಲಂಬಾಣಿ ಅಕ್ಕದೇರ ಕುಪ್ಪಸ, ಲಂಗದ ಮೇಲೆ ಕನ್ನಡಿ, ಕವಡೆ, ಬಣ್ಣದ ದಾರ ನೋಡಿದೀರಲ್ಲ. ಅವರನ್ನ ಕೇಳಿ ಬಟ್ಟೆದು ಮಾತ್ರ ಹತ್ತಿರದಿಂದ ಫೋಟೋ ತೆಗೆದ್ರೆ, ಒಂದು ಚೂರಿದ್ದಂಗೆ ಇನ್ನೊಂದು ಇರಲ್ಲ, 150 ಚೂರಾದ್ರೂ ಬೇಜಾರಾಗಲ್ಲ. ಜಗಳೂರಿನೋರು "ನಮ್ಮ ಕಡೆ ಏನೈತೆ, ಬರೀ ಬಯಲು" ಅಂತೀರಿ. ರಂಗಯ್ಯನದುರ್ಗದ ಕಾಡನ್ನ 2011ರಾಗೆ ಕೊಂಡುಕುರಿಗೆ ಅಂತಲೇ ಅಭಯಾರಣ್ಯ ಮಾಡಿದಾರೆ. ನಾಕು ಕೊಂಬಿನ ಹುಲ್ಲೆ ಅದು. ಫೋಟೋಕ್ಕೆ ಅದು ಸಿಗಲಿಕ್ಕಿಲ್ಲ, ನಿಮ್ಮ ಕುರಿಹಟ್ಟಿ, ಶೇಂಗಾ ಕೀಳೋ ಹೊಲ ಸಿಗ್ತದಲ್ಲ. ಹೊನ್ನಾಳಿಯೋರಿಗೆ ಹೊಳೆ ಐತೆ, ಬಟ್ಟೆ ಒಣಗಾಕಿದ ದಡ ಐತೆ.

ಮಾಡೋದು ಕಷ್ಟ ಇಲ್ಲ. ಬಣ್ಣ ಹೆಚ್ಚಿರೋ, ಗೆರೆ ಹೆಚ್ಚಿರೋ ಫೋಟೋ ಆರಿಸ್ರಿ. ಹೊಸಬರಿಗೆ 24 ಚೂರು, ರೂಢಿ ಆದೋರಿಗೆ 80, ಹಟ ಇರೋರಿಗೆ 150. ಚೂರು ತಿರುಗಿಸೋದು ಬೇಕಾ ಅಂತ ಕೇಳ್ತದೆ, ಮೊದಲಿಗೆ ಬ್ಯಾಡ ಅನ್ರಿ. ಆಡುವಾಗ ಅಂಚಿನ ಚೂರು ಮೊದಲು ಆರಿಸ್ಕಳ್ರಿ, ಅವು ಒಂದು ಕಡೆ ನೆಟ್ಟಗಿರ್ತಾವೆ. ಕೌದಿಗೆ ಅಂಚು ಕಟ್ಟಿದಂಗೆ ಅಂತ ತಿಳೀರಿ.

ಈ ತಿಂಗಳು ನಾಕೂ ತಾಲ್ಲೂಕಿನೋರು ಒಬ್ಬೊಬ್ಬರು ಒಂದೊಂದು ಮಾಡಿ ಲಿಂಕ್ ಕಳಿಸ್ರಿ. ಜಗಳೂರಿನ ಹೊಲನ ಚನ್ನಗಿರಿಯೋರು ಜೋಡಿಸಲಿ, ಸಂತೇಬೆನ್ನೂರಿನ ಮೆಟ್ಟಿಲನ್ನ ಜಗಳೂರಿನೋರು ಹತ್ತಲಿ. ಆಡುವಾಗ ಯಾರಾದ್ರೂ ಬಾಗಿಲಾಗೆ ನಿಂತು "ಅದರಿಂದ ಏನು ಉಪಯೋಗ" ಅಂತ ಕೇಳಿದ್ರೆ ಮೆದುಳು, ಪಾಠ, ಮೊಮ್ಮಕ್ಕಳು ಯಾವುದನ್ನೂ ಅಡ್ಡ ತರಬ್ಯಾಡ್ರಿ. "ಚಂದ ಐತೆ, ಅದಕ್ಕೆ ಆಡ್ತೀನಿ" ಅನ್ರಿ. ಅಷ್ಟು ಹೇಳಿ ಮುಂದಿನ ಚೂರು ಹುಡುಕ್ರಿ.