ಮೊಸರನ್ನವೂ ಮಾರ್ಜಾರವೂ

ಕನ್ನಡದ "ಸಾಕು" ಎಂಬ ಶಬ್ದಕ್ಕೆ ಎರಡರ್ಥಗಳುಂಟು. ಪೋಷಿಸು ಎಂಬುದೊಂದು, ಬೇಕಾದಷ್ಟಾಯಿತು ಎಂಬುದಿನ್ನೊಂದು. ಗೃಹಸ್ಥರು ಹಲವು ವೇಳೆ ಇವೆರಡನ್ನೂ ಬೆರೆಸಿ, ತಮಗೆ ಸಾಕಾದ ಅನ್ನವು ತಾವು ಸಾಕಿದ ಪ್ರಾಣಿಗೂ ಸಾಕೆಂದು ಭಾವಿಸುವರು. ನಾಯಿಯ ವಿಷಯದಲ್ಲಿ ಈ ಭಾವನೆಗೆ ಕೊಂಚ ಆಧಾರವುಂಟು. ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ತೋಳನಿಗಿಂತ ನಾಯಿಯಲ್ಲಿ ಅಧಿಕವೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ನಮ್ಮ ಗಂಜಿಯನ್ನುಂಡು ಅದರ ಕರುಳೂ ಪಳಗಿತು. ಬೆಕ್ಕಿನ ಕರುಳು ಹಾಗೆ ಪಳಗಲಿಲ್ಲ.

ವಿಷ್ಣುಪುರಾಣವು ಗ್ರಾಮ್ಯಪಶುಗಳು ಏಳೆಂದು ಎಣಿಸುವಲ್ಲಿ ಗೋವು, ಆಡು, ಕುರಿ, ಕುದುರೆ, ಹೇಸರಗತ್ತೆ, ಕತ್ತೆಗಳೊಡನೆ ಮನುಷ್ಯನನ್ನೂ ಸೇರಿಸಿರುವುದು. (ಈ ಭಾಗವನ್ನು ಪಾಠ ಹೇಳುವಾಗ ಹುಡುಗರು ನಗದೆ ಇದ್ದುದಿಲ್ಲ.) ಮಾರ್ಜಾರಕ್ಕೆ ಆ ಪಂಕ್ತಿಯಲ್ಲಿ ಸ್ಥಾನವಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರ ಬಳಿ ಮನುಷ್ಯನ ಜೊತೆಗೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರವು ದೊರೆತಿದೆ. ಸಹವಾಸವು ಹಳೆಯದೇ ಸರಿ. ಆದರೆ ಕಣಜದ ಇಲಿಗಳನ್ನರಸಿ ಬೆಕ್ಕು ತಾನಾಗಿಯೇ ಬಂದಿತೆಂದು ವಿದ್ವಾಂಸರ ಅಭಿಪ್ರಾಯ. ಇಲಿಯೇ ಅದರ ಭೋಜನ. ನಾವಿಕ್ಕಿದ ಹಾಲು ಮೊಸರುಗಳು ಉಪಾಹಾರ ಮಾತ್ರ.

ನಂತೂರಿನ ಸುತ್ತಮುತ್ತ ಈಗ ಹೆಂಚಿನ ಮನೆಗಳು ಅಳಿದು ಬಹುಮಹಡಿಯ ಕಟ್ಟಡಗಳು ಎದ್ದಿರುವುವು. ಅಲ್ಲಿ ಅಟ್ಟವಿಲ್ಲ, ಹಟ್ಟಿಯಿಲ್ಲ, ಇಲಿಯೂ ವಿರಳ. "ಮಾಷ್ಟ್ರೇ, ನಮ್ಮ ಬೆಕ್ಕು ಮೊಸರನ್ನವನ್ನೇ ತಿಂದು ದುಂಡಗಾಗಿದೆ, ಕತ್ತಲಾದರೆ ಮಾತ್ರ ಕುರ್ಚಿಯ ಕಾಲಿಗೆ ಹಾಯುತ್ತದೆ, ಯಾಕಿರಬಹುದು?" ಎಂದು ನಾಲ್ಕನೆಯ ಮಹಡಿಯಲ್ಲಿ ವಾಸಿಸುವ ಸಸ್ಯಾಹಾರಿ ಗೃಹಿಣಿಯೋರ್ವರು ನಮ್ಮನ್ನು ಕೇಳಿದರು. ಪಶುವೈದ್ಯರಲ್ಲಿಗೆ ಇಂದೇ ಒಯ್ಯಿರೆಂದೆವು.

ಶಂಕೆಗೆ ಕಾರಣವಿದು. ಟಾರಿನ್ ಎಂಬ ಅಮೈನೋ ಆಮ್ಲವೊಂದುಂಟು. 1827ರಲ್ಲಿ ಜರ್ಮನಿಯ ಟೀಡಮಾನ್ ಮತ್ತು ಗ್ಮೆಲಿನ್ ಎಂಬವರು ಎತ್ತಿನ ಪಿತ್ತರಸದಿಂದ ಇದನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ವೃಷಭಕ್ಕೆ ಟಾರಸ್ ಎಂದು ಹೆಸರು. ಮನುಷ್ಯನ ಶರೀರವೂ ನಾಯಿಯ ಶರೀರವೂ ಇದನ್ನು ತಾವೇ ಸಾಮಾನ್ಯವಾಗಿ ತಯಾರಿಸಿಕೊಳ್ಳುವುವು. ಬೆಕ್ಕಿಗೆ ಆ ಶಕ್ತಿಯು ಅತ್ಯಲ್ಪ. ಮೇಲಾಗಿ ಪಿತ್ತರಸಕ್ಕಾಗಿ ಅದನ್ನು ನಿತ್ಯವೂ ವ್ಯಯಿಸುವುದು. ಮಾಂಸದಲ್ಲಿಯೂ ಮೀನಿನಲ್ಲಿಯೂ ಟಾರಿನ್ ಹೇರಳವಾಗಿದೆ, ಅಕ್ಕಿಬೇಳೆಗಳಲ್ಲಿ ಇಲ್ಲ, ಹಾಲಿನಲ್ಲಿ ತೀರ ಸ್ವಲ್ಪ. ಹಾಲಿನ ಕೇಸೀನನ್ನೇ ಸಸಾರಜನಕವಾಗಿ ಕೊಟ್ಟು ಸಾಕಿದ ಬೆಕ್ಕುಗಳ ಅಕ್ಷಿಪಟಲವು ಟಾರಿನ್ನಿನ ಅಭಾವದಿಂದ ನಶಿಸಿತೆಂದು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹೃದಯವು ಹಿಗ್ಗಿ ದುರ್ಬಲವಾಗುವುದಕ್ಕೂ ಇದೇ ಕಾರಣವೆಂದು 1987ರಲ್ಲಿ ಗೊತ್ತಾಯಿತು. ಟಾರಿನ್ ಕೊಟ್ಟರೆ ಹೃದಯವು ಅನೇಕ ವೇಳೆ ಚೇತರಿಸುವುದು. ಹೋದ ದೃಷ್ಟಿಯು ಮರಳದು.

ಇನ್ನು ಮಡಿವಂತರ ತೊಡಕು. ಟಾರಿನ್ನನ್ನು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದಲೇ ತಯಾರಿಸುವರು, ಅದರಲ್ಲಿ ಪ್ರಾಣಿಹಿಂಸೆಯಿಲ್ಲ. ಆದರೆ ಅದನ್ನೊಂದನ್ನೇ ಮೊಸರನ್ನಕ್ಕೆ ಕಲಸಿದರೆ ತೀರದು. ತರಕಾರಿಯ ಕೆರೋಟಿನ್ನಿನಿಂದ ಎ ಜೀವಸತ್ತ್ವವನ್ನು ಮಾಡಿಕೊಳ್ಳಲಿಕ್ಕೂ ಬೆಕ್ಕಿಗೆ ಬಾರದು. ಬೆಕ್ಕಿಗೆಂದೇ ಸಿದ್ಧಪಡಿಸಿದ ಪೂರ್ಣಾಹಾರವನ್ನು ಅಂಗಡಿಯಿಂದ ತಂದು, ಬೇರೆ ತಟ್ಟೆಯಲ್ಲಿ, ಅಡಿಗೆಮನೆಯ ಹೊರಗೆ ಹಾಕುವುದೇ ನಮ್ಮ ಸಲಹೆ. ಅಷ್ಟೂ ಒಲ್ಲದವರು ಬೆಕ್ಕನ್ನು ತರದಿರುವುದು ಲೇಸು.

ಮೀನು ತಿನ್ನುವ ಮನೆಗಳವರು ಬೂತಾಯಿ, ಬಂಗುಡೆಗಳನ್ನು ಬೇಯಿಸಿ, ಮುಳ್ಳು ತೆಗೆದು, ಪೂರ್ಣಾಹಾರದ ಜೊತೆಗೆ ಇಕ್ಕಬಹುದು. ಕೆಲವು ಹಸಿ ಮೀನುಗಳಲ್ಲಿ ಬಿ ಒಂದು ಜೀವಸತ್ತ್ವವನ್ನು ಕೆಡಿಸುವ ಅಂಶವಿರುವುದರಿಂದ ಬೇಯಿಸಿಯೇ ಕೊಡತಕ್ಕದ್ದು. ಟಾರಿನ್ ನೀರಿನಲ್ಲಿ ಕರಗುವುದಾದುದರಿಂದ, ಉಪ್ಪು ಖಾರ ಹಾಕುವ ಮೊದಲೇ ಬೆಕ್ಕಿನ ಪಾಲನ್ನು ಬೇರೆ ಬೇಯಿಸಿ, ಆ ನೀರನ್ನೂ ಚೆಲ್ಲದೆ ತಟ್ಟೆಗೆ ಸುರಿಯಿರಿ.